ತಮ್ಮ ಪರದೇಶದಲ್ಲಿ ಸಿಕ್ಕಿಬಿದ್ದಿದ್ದಾನೆ, ‘ಮಾತುಕತೆ ನಡೀತಾ ಉಂಟು’ ಅಂತಾರೆ. ಮನೆಯವರು ಎಂತ ಮಾಡಬೇಕು?

ಕೇಳಿದವರು, ಬೈಂದೂರು ಕಡೆಯಿಂದ

ತಮ್ಮ ಒಂದು ಸಣ್ಣ ಟ್ಯಾಂಕರ್ ಶಿಪ್ಪಿನಲ್ಲಿ ಆಯಿಲರ್, ಅಂದರೆ ಇಂಜಿನ್ ರೂಮಿನ ಕೆಲಸ. ಎರಡೂವರೆ ತಿಂಗಳ ಹಿಂದೆ ಕೊಲ್ಲಿಯ ಒಂದು ದೇಶದವರು ಶಿಪ್ಪನ್ನು ಹಿಡಿದು ಅವರ ಬಂದರಿಗೆ ಒಯ್ದಿದ್ದಾರೆ. ಡೀಸೆಲ್ ಕಳ್ಳಸಾಗಣೆ ಅಂತ ಕೇಸು. ಒಟ್ಟು ಹದಿನಾಲ್ಕು ಜನ, ಅದರಲ್ಲಿ ಒಂಬತ್ತು ಜನ ನಮ್ಮವರು. ದೇಶದ ಹೆಸರು ಎಲ್ಲೂ ಬರೆಯಬೇಡಿ ಅಂತ ವಕೀಲರು ಹೇಳಿದ್ದಾರೆ. ಯಾರನ್ನು ಕೇಳಿದರೂ ‘ಎರಡು ಸರ್ಕಾರದ ಮಧ್ಯೆ ಮಾತುಕತೆ ನಡೀತಾ ಉಂಟು, ಕಾಯಿರಿ’ ಅಂತಾರೆ. ಎಷ್ಟು ದಿನ? ಅಮ್ಮ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಿದ್ದಾರೆ. ಟಿವಿಯವರು ಬೇರೆ ಫೋನ್ ಮಾಡ್ತಿದ್ದಾರೆ. ಮಾತಾಡಬಹುದಾ? ಇದನ್ನು ದಾಟಿ ಬಂದವರು ಯಾರಾದರೂ ಇದ್ದರೆ ಹೇಳಿ.

ಸುರತ್ಕಲ್‌ನಿಂದ

ಅಕ್ಕ, ನನ್ನ ಗಂಡ ಹೀಗೇ ಸಿಕ್ಕಿಬಿದ್ದು ಏಳು ತಿಂಗಳು ಹನ್ನೊಂದು ದಿನಕ್ಕೆ ಬಂದವರು. ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದಾಗ ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ. ಅಷ್ಟೇ ಲಗೇಜು. ತಡವಾದರೂ ಬಂದವರು ಇದ್ದಾರೆ ಅಂತ ಮೊದಲು ಅಮ್ಮನಿಗೆ ಹೇಳಿ.

ಮಾತುಕತೆ ಅಂದಾಗ ನಾನೂ ದೊಡ್ಡ ಮೇಜು, ಎರಡು ಬಾವುಟ, ಕೋಟು ಹಾಕಿದವರು ಅಂತೆಲ್ಲ ಅಂದುಕೊಂಡಿದ್ದೆ. ಹಾಗೆಂತ ಇಲ್ಲ. ಜಾಸ್ತಿ ನಡೆಯುವುದು ಕಾಗದದಲ್ಲೇ. ನಮ್ಮ ರಾಯಭಾರ ಕಚೇರಿಯವರು ಅಲ್ಲಿನ ವಿದೇಶಾಂಗ ಇಲಾಖೆಗೆ ಪತ್ರ ಕೊಡ್ತಾರೆ. ಅದು ಅಲ್ಲಿಂದ ಕೋರ್ಟಿಗೋ ಕೋಸ್ಟ್ ಗಾರ್ಡಿಗೋ ಹೋಗಬೇಕು. ಅವರು ಉತ್ತರ ಬರೆಯಬೇಕು. ಅದು ಬಂದ ದಾರಿಯಲ್ಲೇ ವಾಪಸ್ ಬರಬೇಕು. ಅಲ್ಲಿ ಶುಕ್ರವಾರ, ಶನಿವಾರ ರಜೆ. ದೆಹಲಿಯಲ್ಲಿ ಶನಿವಾರ, ಆದಿತ್ಯವಾರ. ಎರಡೂ ಕಡೆ ಕಚೇರಿ ತೆರೆದಿರುವುದು ವಾರಕ್ಕೆ ನಾಲ್ಕೇ ದಿನ. ಇದು ಹೊಳೆಯಲಿಕ್ಕೆ ನನಗೆ ಎರಡು ತಿಂಗಳು ಬೇಕಾಯ್ತು. ಅಲ್ಲಿಯವರೆಗೆ ಶುಕ್ರವಾರ ಪೂರ್ತಿ ಫೋನ್ ಹಿಡಿದು ಕೂತು ಅಳುತ್ತಿದ್ದೆ.

ಆ ಪತ್ರದ ಜೊತೆ ಸಿಕ್ಕಿಬಿದ್ದವರ ಹೆಸರಿನ ಒಂದು ಪಟ್ಟಿ ಇರ್ತದೆ. ಅದರ ಕಥೆಯನ್ನೇ ನಾನು ಮುಖ್ಯವಾಗಿ ಹೇಳಬೇಕು ಅಂತಿರುವುದು. ನನ್ನ ಗಂಡನ ಪಾಸ್‌ಪೋರ್ಟಿನಲ್ಲಿ ‘ಪೂಜಾರಿ’ಗೆ ಇಂಗ್ಲಿಷಿನಲ್ಲಿ ಎರಡು ‘ಓ’. ಸಿಡಿಸಿಯಲ್ಲಿ, ಅಂದರೆ ಶಿಪ್ಪಿನವರ ಪುಸ್ತಕದಲ್ಲಿ, ಒಂದು ‘ಯು’. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಅಲ್ಲಿ ಹಿಡಿದವರು ಅರಬ್ಬಿಯಲ್ಲಿ ಬರೆದುಕೊಂಡರು. ಅರಬ್ಬಿಯಲ್ಲಿ ‘ಪ’ ಅಕ್ಷರ ಇಲ್ಲ. ಪುನಃ ಇಂಗ್ಲಿಷಿಗೆ ಬರುವಾಗ ಪೂಜಾರಿ ಹೋಗಿ ಬುಜಾರಿ ಆಯ್ತು. ಅದರ ಮೇಲೆ ಮಾವನವರ ಹೆಸರು ಮುಂದೆ, ಇವರ ಹೆಸರು ಹಿಂದೆ. ರಾಯಭಾರ ಕಚೇರಿಯ ಪಟ್ಟಿಯಲ್ಲಿ ಒಬ್ಬ, ಕೋರ್ಟಿನ ಪಟ್ಟಿಯಲ್ಲಿ ಇನ್ನೊಬ್ಬ! ಮೊದಲ ಸಲ ಆರು ಜನರನ್ನು ಬಿಟ್ಟರು. ಅದರಲ್ಲಿ ಇವರಿಲ್ಲ. ಹೆಸರು ತಾಳೆ ಆಗಲಿಕ್ಕೆ ಇನ್ನೂ ಇಪ್ಪತ್ಮೂರು ದಿನ. ಎರಡು ಸರ್ಕಾರಗಳೂ ಒಪ್ಪಿ ಆಗಿತ್ತು. ಸಿಕ್ಕಿಹಾಕಿಕೊಂಡದ್ದು ಒಂದು ಅಕ್ಷರದಲ್ಲಿ.

ಆದ್ದರಿಂದ ಇವತ್ತೇ ಒಂದು ಹಾಳೆ ಮಾಡಿ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಸಿಡಿಸಿ ನಂಬರ್, ಇಂಡೋಸ್ ನಂಬರ್ (ಶಿಪ್ಪಿನವರಿಗೆ ಸರ್ಕಾರ ಕೊಡುವ ನೋಂದಣಿ ನಂಬರ್), ಫೋಟೋ. ಬೇರೆ ಕಾಗದದಲ್ಲಿ ಹೆಸರು ಬೇರೆ ಥರ ಇದ್ದರೆ ಅದನ್ನೂ ಕೆಳಗೆ ಬರೆಯಿರಿ, ಮುಚ್ಚಿಡಬೇಡಿ. ಇದನ್ನೇ ರಾಯಭಾರ ಕಚೇರಿಗೆ ಮೇಲ್ ಮಾಡಿ, ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್‌ಗೂ ಹಾಕಿ. ಅಲ್ಲಿ ಸಿಗುವ ದೂರಿನ ನಂಬರನ್ನು ಬಾಯಿಪಾಠ ಮಾಡಿಕೊಳ್ಳಿ. ಸುಮ್ನೆ ಹೇಳುವುದಲ್ಲ. ನಂಬರ್ ಹೇಳಿದ ಮೇಲೆ ಫೋನ್ ಎತ್ತಿದವರ ಸ್ವರವೇ ಬೇರೆ ಆಗ್ತದೆ.

ಮಗಳ ಹಳೇ ಲೆಕ್ಕದ ಪುಸ್ತಕದಲ್ಲಿ ನಾನು ಎಲ್ಲ ಬರೆದಿಡುತ್ತಿದ್ದೆ. ಯಾವ ದಿನ, ಯಾರ ಹತ್ತಿರ ಮಾತಾಡಿದೆ, ಎಂತ ಹೇಳಿದರು. ಇವರು ಹತ್ತು ದಿನಕ್ಕೊಮ್ಮೆ ಎರಡು ನಿಮಿಷ ಮಾತಾಡುತ್ತಿದ್ದರು. ಮೊದಲ ಫೋನಿನಲ್ಲಿ ‘ಹೇಗಿದ್ದೀರಿ’ ಅಂತ ಕೇಳುವುದರಲ್ಲೇ ಎರಡು ನಿಮಿಷ ಮುಗಿಯಿತು. ಮುಂದಿನ ಸಲದಿಂದ ಐದು ಪ್ರಶ್ನೆ ಬರೆದಿಟ್ಟುಕೊಂಡೆ. ಊಟ, ಮದ್ದು, ರಾಯಭಾರ ಕಚೇರಿಯವರು ಬಂದಿದ್ದರಾ, ಎಂತಕ್ಕಾದರೂ ಸೈನ್ ಹಾಕಿಸಿದರಾ, ಕೋರ್ಟಿನ ಮುಂದಿನ ತಾರೀಕು ಯಾವಾಗ.

ಮನೆಗೆ ಸ್ಟೇಷನ್ನಿನಿಂದ ಪೊಲೀಸರು ಬರಬಹುದು. ಹೆದರಬೇಡಿ. ಪಾಸ್‌ಪೋರ್ಟ್ ಕೈಯಲ್ಲಿ ಇಲ್ಲದವರಿಗೆ ವಾಪಸ್ ಬರಲಿಕ್ಕೆ ಒಂದು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡ್ತಾರೆ, ಅದಕ್ಕೆ ಮುಂಚೆ ಇವರು ನಮ್ಮವರೇ ಹೌದಾ ಅಂತ ವಿಚಾರಿಸುವುದು. ನಮ್ಮಲ್ಲಿಗೆ ಬಂದವರು ರೇಷನ್ ಕಾರ್ಡ್ ನೋಡಿ, ಪಕ್ಕದ ಮನೆಯವರ ಸಾಕ್ಷಿ ಬರೆದುಕೊಂಡು, ಚಹಾ ಕುಡಿದು ಹೋದರು. ಆ ದಿನ ನಾನು ಒಳಗೊಳಗೇ ಖುಷಿಪಟ್ಟೆ. ಕಾಗದ ನಮ್ಮ ಬಾಗಿಲಿಗೆ ಬಂತು ಅಂದರೆ ಎಲ್ಲೋ ಓಡುತ್ತಿದೆ ಅಂತಲೇ ಅಲ್ವಾ.

ಉಡುಪಿಯಿಂದ, ಶಿಪ್ಪಿನಲ್ಲಿ ಮೂವತ್ತೊಂದು ವರ್ಷ

ತಂಗೀ, ‘ಎರಡು ಸರ್ಕಾರ’ ಅಂತಾರಲ್ಲ, ಯಾವ ಎರಡು ಅಂತ ಕೇಳಿದ್ದೀರಾ? ಹೆಚ್ಚಿನವರು ಕೇಳುವುದಿಲ್ಲ. ಶಿಪ್ಪಿನ ಬಾವುಟ ಒಂದು ದೇಶದ್ದು, ಧಣಿ ಇನ್ನೊಂದು ದೇಶದವ, ಒಳಗೆ ದುಡಿಯುವವರು ನಾವು. ಜಗಳ ಯಾರ್ಯಾರ ಮಧ್ಯೆಯೋ ಇರ್ತದೆ.

2019ರಲ್ಲಿ ನೋಡಿ. ಜುಲೈ 4ಕ್ಕೆ ಜಿಬ್ರಾಲ್ಟರಿನಲ್ಲಿ ಬ್ರಿಟನ್ನಿನವರು ಇರಾನಿನ ಕಚ್ಚಾತೈಲ ತುಂಬಿದ ‘ಗ್ರೇಸ್ 1’ ಹಿಡಿದರು. ಜುಲೈ 19ಕ್ಕೆ ಹೋರ್ಮುಜ್‌ನಲ್ಲಿ ಇರಾನಿನವರು ಬ್ರಿಟಿಷ್ ಬಾವುಟದ ‘ಸ್ಟೆನಾ ಇಂಪೆರೊ’ ಹಿಡಿದರು. ಗುದ್ದಾಟ ಬ್ರಿಟನ್ನಿಗೂ ಇರಾನಿಗೂ. ಒಳಗೆ ಕೂತವರು? ಗ್ರೇಸ್‌ನಲ್ಲಿ 24 ಜನ ಭಾರತದವರು, ಸ್ಟೆನಾದ 23 ಜನರಲ್ಲಿ 18 ಜನ ಭಾರತದವರು. ಆಗಸ್ಟ್ 15ಕ್ಕೆ ಜಿಬ್ರಾಲ್ಟರ್ ಗ್ರೇಸನ್ನು ಬಿಟ್ಟಿತು. ಸೆಪ್ಟೆಂಬರ್ ಮೊದಲ ವಾರ ಇರಾನ್ ಸ್ಟೆನಾದ ಏಳು ಜನರನ್ನು ಬಿಟ್ಟಿತು. ಶಿಪ್ಪು ಹೊರಟದ್ದು ಸೆಪ್ಟೆಂಬರ್ 27ಕ್ಕೆ. ಇದು ಅದಲು ಬದಲು ಅಂತ ಎರಡೂ ಕಡೆಯವರು ಒಪ್ಪಲಿಲ್ಲ. ತಾರೀಕುಗಳನ್ನು ಸಾಲಾಗಿಟ್ಟು ನೀವೇ ನೋಡಿ.

‘ಎಂಎಸ್‌ಸಿ ಏರೀಸ್’ ಇನ್ನೊಂದು ಥರ. 2024ರ ಏಪ್ರಿಲ್ 13ಕ್ಕೆ ಇರಾನ್ ಹಿಡಿಯಿತು. 25 ಜನರಲ್ಲಿ 17 ನಮ್ಮವರು. ಮರುದಿನವೇ ಜೈಶಂಕರ್ ಇರಾನಿನ ವಿದೇಶಾಂಗ ಮಂತ್ರಿಗೆ ಫೋನ್ ಮಾಡಿದರು. 18ಕ್ಕೆ ಒಬ್ಬ ಕೆಡೆಟ್ ಹುಡುಗಿ ಮನೆಗೆ ಬಂದಳು. ಮುಂದಿನ ಐದು ಜನರಿಗೆ ಮೇ 9ರ ತನಕ ಕಾಯಬೇಕಾಯ್ತು. ಮಂತ್ರಿಗಳ ಮಟ್ಟದಲ್ಲಿ ಮಾತಾದ ಮೇಲೂ ಎಲ್ಲರೂ ಒಟ್ಟಿಗೆ ಬರುವುದಿಲ್ಲ. ಐದು ಜನ, ಆರು ಜನ ಅಂತ ಬಿಡ್ತಾರೆ. ಪಕ್ಕದವ ಬಂದ, ನಮ್ಮವ ಬರಲಿಲ್ಲ ಅಂತ ಕೆಟ್ಟದ್ದನ್ನೇ ಯೋಚಿಸಬೇಡಿ.

ಆದರೆ ಸತ್ಯ ಹೇಳಬೇಕು. ಅವೆಲ್ಲ ದೊಡ್ಡ ಶಿಪ್ಪು, ದೊಡ್ಡ ಕಂಪನಿ. ನಿಮ್ಮದು ಕಳ್ಳ ಡೀಸೆಲ್ ಕೇಸು, ಅಂದರೆ ಕೋರ್ಟು ಉಂಟು. ಕೋರ್ಟಿನಲ್ಲಿ ಇರುವುದನ್ನು ಸರ್ಕಾರಗಳ ಮಾತು ಬೇಗ ಮಾಡಿಸಬಹುದು, ಇಲ್ಲದ ಹಾಗೆ ಮಾಡುವುದು ಕಷ್ಟ. ಹಾಗಾಗಿ ಅಲ್ಲಿ ವಕೀಲ ಬೇಕೇ ಬೇಕು. ಧಣಿ ಕೈಬಿಟ್ಟಿದ್ದರೆ ರಾಯಭಾರ ಕಚೇರಿಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ಕೇಳಿ, ಬಡವರ ವಕೀಲರ ಖರ್ಚಿಗೂ ಅದರಲ್ಲಿ ಅವಕಾಶ ಉಂಟು. ತಮ್ಮನನ್ನು ಕಳಿಸಿದ ಏಜೆಂಟ್ ಮುಂಬೈಯ ಡಿಜಿ ಶಿಪ್ಪಿಂಗ್‌ನಲ್ಲಿ, ಅಂದರೆ ಶಿಪ್ಪುಗಳ ಮೇಲಿನ ಕೇಂದ್ರ ಸರ್ಕಾರದ ಕಚೇರಿಯಲ್ಲಿ, ನೋಂದಣಿ ಆದವನಾ ಅಂತ ನೋಡಿ. ಆಗಿದ್ದರೆ ಅಲ್ಲೇ ದೂರು ಕೊಡಿ, ಲೈಸೆನ್ಸಿನ ಹೆದರಿಕೆಗಾದರೂ ಫೋನ್ ಎತ್ತುತ್ತಾನೆ. ಎರಡು ತಿಂಗಳು ಸಂಬಳ ಬರದಿದ್ದರೆ ಕಾನೂನಿನಲ್ಲಿ ಅದು ಕೈಬಿಟ್ಟ ಲೆಕ್ಕ. ವಿಮೆ ಸರಿ ಇದ್ದರೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ, ಊರಿಗೆ ಬರುವ ಖರ್ಚು ಎರಡೂ ಸಿಗಬೇಕು. ಆ ವಿಮೆಯ ಕಾಗದವನ್ನು ಶಿಪ್ಪಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು. ತಮ್ಮನ ಮೊಬೈಲಿನಲ್ಲಿ ಅದರ ಫೋಟೋ ಉಂಟಾ ಕೇಳಿ.

ಒಮ್ಮೆ ನಾವು ಲಂಗರು ಹಾಕಿದ ಕಡೆ ಹೀಗೆ ಹಿಡಿದಿಟ್ಟ ಶಿಪ್ಪೊಂದಿತ್ತು. ರಾತ್ರಿ ರೇಡಿಯೋದಲ್ಲಿ ಯಾರೋ ಹಿಂದಿಯಲ್ಲಿ ‘ಅಕ್ಕಿ ಉಂಟಾ’ ಅಂತ ಕೇಳಿದರು. ಏಜೆಂಟನ ದೋಣಿಯಲ್ಲಿ ಎರಡು ಗೋಣಿ ಕಳಿಸಿದೆವು. ಊಟ, ಕುಡಿಯುವ ನೀರಿನ ಬಗ್ಗೆ ಪ್ರತಿ ಸಲ ಕೇಳಿ, ಕಡಿಮೆ ಬಿದ್ದರೆ ಆ ದಿನವೇ ರಾಯಭಾರ ಕಚೇರಿಗೆ ಬರೆಯಿರಿ. ‘ಬಿಡಿಸಿ’ ಅನ್ನುವ ಮೇಲ್‌ಗಿಂತ ‘ಎರಡು ದಿನದಿಂದ ನೀರಿಲ್ಲ’ ಅನ್ನುವ ಮೇಲ್ ಬೇಗ ಕೆಲಸ ಮಾಡ್ತದೆ.

ಗಂಗೊಳ್ಳಿಯಿಂದ

ಟಿವಿಯವರ ಹತ್ತಿರ ಮಾತಾಡಿ ಅಂತಲೇ ನಾನು ಹೇಳುವುದು. 2018ರಲ್ಲಿ ಉತ್ತರ ಕನ್ನಡದ ಹದಿನೆಂಟು ಮೀನುಗಾರರು ದುಬೈ ಬೋಟಿನಲ್ಲಿ ಹೋಗಿ ಇರಾನಿನಲ್ಲಿ ಸಿಕ್ಕಿಬಿದ್ದಿದ್ದರು. ಪೇಪರಿನಲ್ಲಿ ಬಂದದ್ದರಿಂದ ತಾನೇ ನಮಗೆಲ್ಲ ಗೊತ್ತಾದದ್ದು? ಸುಮ್ಮನೆ ಕೂತರೆ ಬಡವರ ಫೈಲನ್ನು ಯಾರು ಕೇಳ್ತಾರೆ?

ಸುರತ್ಕಲ್‌ನಿಂದ, ಪುನಃ

ಸುದ್ದಿ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಎಂತ ಹೇಳ್ತೀರಿ ಅಂತ ನೋಡಿಕೊಳ್ಳಿ. ನಮ್ಮ ಅತ್ತೆ ಕ್ಯಾಮೆರಾ ಮುಂದೆ ಅಳುತ್ತಾ ‘ನನ್ನ ಮಗ ಗೊತ್ತಿಲ್ಲದೆ ಆ ಡೀಸೆಲ್ ತುಂಬಿಸಿದ್ದು’ ಅಂದುಬಿಟ್ಟರು. ಅಲ್ಲಿ ವಕೀಲರು ಇವರು ಮುಟ್ಟಿಯೇ ಇಲ್ಲ ಅಂತ ವಾದ ಮಾಡ್ತಿದ್ದರು! ಆ ತುಣುಕು ವಾಟ್ಸಾಪಿನಲ್ಲಿ ಕೊಲ್ಲಿಯವರೆಗೆ ಹೋಯ್ತು. ವಕೀಲರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಬೈದರು. ಕೇಸಿನ ಬಗ್ಗೆ ಒಂದಕ್ಷರ ಬೇಡ, ಆ ದೇಶವನ್ನು ಬೈಯುವುದಂತೂ ಬೇಡವೇ ಬೇಡ. ‘ಆರೋಗ್ಯ ಸರಿ ಇಲ್ಲ, ಅಮ್ಮ ಕಾಯ್ತಿದ್ದಾರೆ’ ಅಂದರೆ ಸಾಕು.

ಬ್ರೋಕರ್ ಬಗ್ಗೆ ಮರೆತಿದ್ದೆ. ಟಿವಿಯಲ್ಲಿ ಬಂದ ಮರುದಿನ ಒಬ್ಬರು ಹಂಪನಕಟ್ಟೆಗೆ ಕರೆಸಿ, ‘ಅಲ್ಲಿ ದೊಡ್ಡವರ ಗುರ್ತ ಉಂಟು, ಎರಡು ಲಕ್ಷ ಕೊಡಿ’ ಅಂದರು. ನಾನು ಬಳೆ ಅಡವಿಡಲಿಕ್ಕೆ ಹೊರಟವಳು. ರಾಯಭಾರ ಕಚೇರಿಯವರನ್ನೇ ಕೇಳಿದೆ. ಬಿಡಿಸಲಿಕ್ಕೆ ನಾವು ಹಣ ತೆಗೆದುಕೊಳ್ಳುವುದಿಲ್ಲ, ಯಾರಿಗೂ ಕೊಡಬೇಡಿ ಅಂದರು.

ಕೊಡಿಯಾಲಬೈಲಿನಿಂದ, ವಕೀಲ

ಟಿವಿಯ ಬಗ್ಗೆ ಇಬ್ಬರು ಹೇಳಿದ್ದೂ ಸರಿ. ಕತಾರಿನಲ್ಲಿ ನಮ್ಮ ನೌಕಾಪಡೆಯ ಎಂಟು ಮಾಜಿ ಸಿಬ್ಬಂದಿಯನ್ನು 2022ರ ಆಗಸ್ಟ್‌ನಲ್ಲಿ ಹಿಡಿದರು. 2023ರ ಅಕ್ಟೋಬರಿನಲ್ಲಿ ಗಲ್ಲು ಶಿಕ್ಷೆ ಆಯ್ತು. ದೇಶಕ್ಕೆ ದೇಶವೇ ಕೂಗಾಡಿತು, ಸರ್ಕಾರ ಮಾತ್ರ ತೂಕ ಮಾಡಿ ಮಾತಾಡಿತು. ಡಿಸೆಂಬರಿನಲ್ಲಿ ಮೇಲ್ಮನವಿಯಲ್ಲಿ ಗಲ್ಲು ಹೋಯ್ತು, 2024ರ ಫೆಬ್ರವರಿಯಲ್ಲಿ ಎಂಟೂ ಜನರ ಬಿಡುಗಡೆ ಆಯ್ತು. ಕೋರ್ಟಿನ ದಾರಿ, ಸರ್ಕಾರದ ದಾರಿ ಎರಡೂ ಒಟ್ಟಿಗೇ ನಡೆದವು ಅನ್ನುವುದನ್ನು ಗಮನಿಸಿ.

ನಿಮ್ಮ ತಮ್ಮನಿಗೆ ಒಂದು ಹಕ್ಕು ಉಂಟು. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಪ್ರಕಾರ, ಹಿಡಿದವರು ‘ನಿನ್ನ ದೇಶದ ಕಚೇರಿಗೆ ತಿಳಿಸಬೇಕಾ’ ಅಂತ ಅವನನ್ನು ಕೇಳಲೇಬೇಕು. ನಮ್ಮ ಅಧಿಕಾರಿ ಹೋಗಿ ಅವನನ್ನು ನೋಡಬಹುದು. ಕುಲಭೂಷಣ್ ಜಾಧವ್ ಕೇಸಿನಲ್ಲಿ 2019ರ ಜುಲೈ 17ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಪಾಕಿಸ್ತಾನ ತಪ್ಪಿದೆ ಅಂದದ್ದು ಇದೇ ವಿಧಿಯಲ್ಲಿ. ಮೇಲ್‌ನಲ್ಲಿ ‘ಕಾನ್ಸುಲರ್ ಭೇಟಿ ಆಯಿತಾ, ಯಾವ ದಿನ’ ಅಂತ ನೇರ ಕೇಳಿ. ಗೊತ್ತಿಲ್ಲದ ಭಾಷೆಯ ಕಾಗದಕ್ಕೆ ಸೈನ್ ಹಾಕಬೇಡ ಅಂತ ತಮ್ಮನಿಗೂ ಹೇಳಿ.

ಪಟ್ಟಿಯ ವಿಷಯ ಸುರತ್ಕಲ್‌ನವರು ಹೇಳಿದ್ದಕ್ಕೆ ಒಂದು ಮಾತು. ಭಾರತ, ಪಾಕಿಸ್ತಾನ ಎಷ್ಟೇ ಜಗಳ ಇದ್ದರೂ 2008ರ ಒಪ್ಪಂದದ ಪ್ರಕಾರ ಪ್ರತಿ ಜನವರಿ 1, ಜುಲೈ 1ಕ್ಕೆ ಕೈದಿಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. 2025ರ ಜುಲೈಯ ಪಟ್ಟಿಯಲ್ಲಿ ಪಾಕಿಸ್ತಾನದ ಹತ್ತಿರ ನಮ್ಮ 193 ಮೀನುಗಾರರು. ಇಂಥ ಕಡೆ ಶಿಕ್ಷೆ ಮುಗಿದ ಮೇಲೂ ‘ಇವ ನಿಮ್ಮವನಾ’ ಅನ್ನುವ ಪ್ರಶ್ನೆಗೆ ಉತ್ತರ ಬಾರದೆ ಒಳಗೇ ಉಳಿಯುವವರಿದ್ದಾರೆ. ಎರಡೂ ದೇಶದಲ್ಲಿ.

ಕಾಪುವಿನಿಂದ

ನಮ್ಮ ಮಾವ ಯುಎಇಯಲ್ಲಿ ಶಿಕ್ಷೆ ಆದವರು. ‘ಕೈದಿಗಳನ್ನು ಊರಿಗೆ ಕಳಿಸುವ ಒಪ್ಪಂದ ಉಂಟು’ ಅಂತ ಯಾರೋ ಹೇಳಿದರು ಅಂತ ನಾವು ಕುಣಿದದ್ದೇ. ಉಂಟು ಹೌದು. ಆದರೆ ಅದು ಬಿಡುಗಡೆ ಅಲ್ಲ. ಉಳಿದ ಶಿಕ್ಷೆಯನ್ನು ಇಲ್ಲಿನ ಜೈಲಿನಲ್ಲಿ ಮುಗಿಸುವುದು. ತೀರ್ಪು ಪೂರ್ತಿ ಆಗಿರಬೇಕು, ಎರಡೂ ಸರ್ಕಾರ, ಕೈದಿ ಮೂವರೂ ಒಪ್ಪಬೇಕು. ಮಾವನೇ ಬೇಡ ಅಂದರು. ಅಲ್ಲಿ ರಂಜಾನ್‌ಗೆ, ಡಿಸೆಂಬರಿನ ರಾಷ್ಟ್ರೀಯ ದಿನಕ್ಕೆ ಕ್ಷಮಾದಾನ ಕೊಡ್ತಾರೆ, ಅದಕ್ಕೆ ಕಾದರು, ಸಿಕ್ಕಿತು. ನಿಮಗೆ ಇನ್ನೂ ಅಷ್ಟು ದೂರ ಹೋಗಿಲ್ಲ, ಹೋಗದೇ ಇರಲಿ.

ಕೇಳಿದವರು

ಎಲ್ಲರಿಗೂ ಕೈಮುಗಿದೆ. ನಿನ್ನೆ ರಾತ್ರಿ ಸುರತ್ಕಲ್ ಅಕ್ಕ ಹೇಳಿದ ಹಾಳೆ ಮಾಡಲಿಕ್ಕೆ ಕೂತೆ. ಪಾಸ್‌ಪೋರ್ಟಿನ ಜೆರಾಕ್ಸಿನಲ್ಲಿ ‘ಖಾರ್ವಿ’ಗೆ ಎಚ್ ಉಂಟು, ಸಿಡಿಸಿಯಲ್ಲಿ ಇಲ್ಲ. ಆಧಾರ್‌ನಲ್ಲಿ ಅಪ್ಪನ ಹೆಸರೇ ಬೇರೆ ಥರ. ಮೂರನ್ನೂ ಬರೆದು ಮೇಲ್ ಹಾಕಿದ್ದೇನೆ, ಮದದ್‌ಗೂ ಹಾಕಿದ್ದೇನೆ. ಮೂರೂ ಕಾಗದದಲ್ಲಿ ಇರುವವ ಒಬ್ಬನೇ ಅಂತ ಒಂದು ಅಫಿಡವಿಟ್ ಮಾಡಿಸಿ ನಾಳೆ ಬೆಳಿಗ್ಗೆ ಮಣಿಪಾಲದ ಡಿಸಿ ಆಫೀಸಿಗೆ ಹೋಗ್ತೇನೆ. ಟಿವಿಯವರಿಗೆ ಆಮೇಲೆ ಹೇಳ್ತೇವೆ ಅಂದೆ. ಅಮ್ಮ ಕೇಳಿದರು, ಐದು ಪ್ರಶ್ನೆಯಲ್ಲಿ ಒಂದು ನನ್ನದೂ ಇರಲಿ ಅಂತ. ಎಂತ ಅಂತ ಕೇಳಿದ್ದಕ್ಕೆ, ‘ಮೀನು ಸಿಗ್ತದಾ ಅಂತ ಕೇಳು’ ಅಂದರು.