ತಮ್ಮಾ, ಗ್ಯಾರೇಜ್ ನೆಲಕ್ಕೆ ಕೋಬಾ (ಕಾಂಕ್ರೀಟ್) ಹಾಕಿಸುವ ಮೊದಲು ಇದನ್ನ ಪೂರ್ತಿ ಕೇಳು

ತಮ್ಮಾ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ ಪ್ಲಾನ್ ನೋಡಿದೆ. ಪುಣೆ ಹತ್ತಿರದ ತಳೇಗಾವ್ ಮನೆಯ ಪಕ್ಕದಲ್ಲಿ 10 ಅಡಿ ಅಗಲ, 16 ಅಡಿ ಉದ್ದದ ಗ್ಯಾರೇಜ್. ಮೇಲೆ ತಗಡು, ನಡುವೆ ಗಾಡಿಯ ಕೆಳಗೆ ಇಳಿದು ಕೆಲಸ ಮಾಡೋಕೆ ಪಿಟ್, ಅಂದರೆ ಗುಂಡಿ. ನಿಮ್ಮಪ್ಪನ, ಅಂದರೆ ನಮ್ಮ ಭಾವನ ಯೆಜ್ಡಿ ಬೈಕು ಮತ್ತು ನೀನು ತಂದಿರುವ ಪದ್ಮಿನಿ ಕಾರು, ಎರಡನ್ನೂ ಅಲ್ಲೇ ಬಿಚ್ಚಿ ಕಟ್ಟುವ ಆಸೆ ನಿನ್ನದು. ಯಾವ ಯಾವ ಟೂಲ್ ತರಲಿ ಮಾಮಾ ಅಂತ ಕೇಳಿದ್ದೀಯ. ಬಹಳ ಖುಷಿಯಾಯಿತು. ಆದರೆ ಟೂಲ್ ಮಾತು ಆಮೇಲೆ. ಟೂಲ್ ಇವತ್ತಲ್ಲ ನಾಳೆ ತರಬಹುದು. ನೆಲ, ಎತ್ತರ, ವೈರಿಂಗ್ ಈ ಮೂರನ್ನು ಒಮ್ಮೆ ಮಾಡಿದರೆ ಮತ್ತೆ ಒಡೆಯೋಕೆ ಆಗಲ್ಲ. ನಿನ್ನ ಹತ್ತಿರ ಇರೋ ದುಡ್ಡನ್ನು ಮೊದಲು ಅಲ್ಲಿ ಹಾಕು.

ಅಳತೆಯಿಂದ ಶುರು ಮಾಡೋಣ. ಪದ್ಮಿನಿ ಹತ್ತಿರ ಹತ್ತಿರ 13 ಅಡಿ ಉದ್ದ, 5 ಅಡಿಗೆ ಸ್ವಲ್ಪ ಕಮ್ಮಿ ಅಗಲ. ಎರಡೂ ಕಡೆ ಬಾಗಿಲು ಪೂರ್ತಿ ತೆರೆಯಬೇಕು ಅಂದರೆ ಒಂದೊಂದು ಕಡೆಗೆ 3 ಅಡಿ ಬಿಡಬೇಕು. ಅಲ್ಲಿಗೇ 11 ಆಯಿತು, ನಿನ್ನ ಪ್ಲಾನ್ 10ಕ್ಕೇ ಮುಗಿದಿದೆ. ಬೆಂಚ್ ಎಲ್ಲಿ ಇಡುತ್ತೀಯ? ಯೆಜ್ಡಿ ಎಲ್ಲಿ ನಿಲ್ಲಿಸುತ್ತೀಯ? ಇಂಜಿನ್ ಇಳಿಸುವಾಗ ಬಾನೆಟ್ ಮುಂದೆ 4-5 ಅಡಿ ಜಾಗ ಬೇಡವಾ? 14ಕ್ಕೆ 22 ಅಡಿ ಮಾಡು. ಬೇಕಾದರೆ ಮುಂದಿನ ಗಾರ್ಡನ್ ಚಿಕ್ಕದಾಗಲಿ. ಮನೆ ಪಕ್ಕ ಖಾಲಿ ಬಿಡಬೇಕಾದ ಸೈಡ್ ಮಾರ್ಜಿನ್‌ನಲ್ಲಿ ಕಟ್ಟಲು ಬಿಡುತ್ತಾರಾ ಅಂತ ಮಾತ್ರ ನಿನ್ನ ಆರ್ಕಿಟೆಕ್ಟ್ ಹತ್ತಿರ ಈಗಲೇ ಕೇಳಿಬಿಡು.

ಇನ್ನು ಪಿಟ್. ಅದು ಬೇಡ. ದಯವಿಟ್ಟು ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗಲ್ಲ, ತಗ್ಗು ಹುಡುಕಿಕೊಂಡು ಹೋಗಿ ಕೂರುತ್ತದೆ. ಎರಡೂ ನಿನ್ನ ಹಳೆ ಗಾಡಿಗಳು, ಕಾರ್ಬುರೇಟರ್‌ನಿಂದ ಒಂದಿಷ್ಟು ಪೆಟ್ರೋಲ್ ಸೋರುವುದು ಇದ್ದದ್ದೇ. ಅದು ಪಿಟ್ಟಿನಲ್ಲಿ ತುಂಬಿಕೊಂಡಿರುವಾಗ ನೀನು ಕೈಯಲ್ಲಿ ಲೈಟ್ ಹಿಡಿದು ಇಳಿದರೆ? ಒಂದು ಕಿಡಿ ಸಾಕು. ಅಷ್ಟೇ ಅಲ್ಲ, ತಳೇಗಾವ್ ಮಳೆ ನಿನಗೇ ಗೊತ್ತು, ಜುಲೈ ಬಂದರೆ ಆ ಪಿಟ್ ಬಾವಿಯಾಗುತ್ತದೆ. ನಿನ್ನ ಮಗಳು ಈಗಷ್ಟೇ ನಡೆಯಲು ಕಲಿತಿದ್ದಾಳೆ. ಒಳ್ಳೆ ಜೋಡಿ ರ‍್ಯಾಂಪ್, ನಾಲ್ಕು ಗಟ್ಟಿ ಜ್ಯಾಕ್ ಸ್ಟ್ಯಾಂಡ್ ಇದ್ದರೆ ಮನೆಯಲ್ಲಿ ಆಗುವ ಕೆಲಸವೆಲ್ಲ ಆಗುತ್ತದೆ.

ಜ್ಯಾಕ್ ಅಂದಾಗ ಒಂದು ಹೇಳಬೇಕು. ಅಕ್ಕನಿಗೂ ಇದುವರೆಗೆ ಹೇಳಿಲ್ಲ. ನಾವು ಚಿಂಚವಡದಲ್ಲಿ ಬಾಡಿಗೆಗೆ ಇದ್ದಾಗ ಗೆಳೆಯನ ಫಿಯಾಟ್ ಬ್ರೇಕ್ ಕೆಲಸ ಹಿಡಿದಿದ್ದೆ. ಅಂಗಳಕ್ಕೆ ಶಹಾಬಾದ್ ಫರಶಿ ಹಾಸಿದ್ದರು, ನಮ್ಮ ಕಲಬುರ್ಗಿ ಕಡೆಯದೇ ಕಲ್ಲು. ನೋಡೋಕೆ ಗಟ್ಟಿ. ಆದರೆ ಒಂದು ಫರಶಿಯ ಕೆಳಗೆ ಮಣ್ಣು ಕುಸಿದು ಪೊಳ್ಳಾಗಿತ್ತು, ನನಗೆ ಗೊತ್ತಾಗಿರಲಿಲ್ಲ. ಅದರ ಮೇಲೇ ಜ್ಯಾಕ್ ಇಟ್ಟು ಎತ್ತಿದೆ. ಚಕ್ರ ಬಿಚ್ಚಿ ಗಾಡಿಯ ಕೆಳಗೆ ಮಲಗಿಸಿದೆ, ನನಗೆ ಕೆಲಸ ಕಲಿಸಿದ ಹಳೆ ಮಿಸ್ತ್ರಿ ಹಾಕಿಸಿದ ಅಭ್ಯಾಸ ಅದು. ಒಳಗೆ ಕೈ ಹಾಕಿ ನಟ್ ನೋಡಿದೆ, 17ರ ಸ್ಪ್ಯಾನರ್ ಬೇಕು ಅಂತ ಕೈ ತೆಗೆದು ಹಿಂದೆ ತಿರುಗಿದೆ. ಫರಶಿ ಟಪ್ ಅಂತು. ಜ್ಯಾಕ್ ವಾಲಿತು, ಗಾಡಿ ಧಡ್ ಅಂತ ಕೂತಿತು. ಕೆಳಗಿದ್ದ ಚಕ್ರದ ಮೇಲೆ ಕೂತಿದ್ದರಿಂದ ಅಲ್ಲೇ ನಿಂತಿತು. ಅವತ್ತು ರಾತ್ರಿ ಊಟ ಮಾಡುವಾಗ ತುತ್ತು ಎತ್ತಿದ ಕೈಯನ್ನೇ ನೋಡುತ್ತಾ ಕೂತಿದ್ದೆ. ನೆಲ, ನೆಲ ಅಂತ ನಾನು ಇಷ್ಟು ಬಡಿದುಕೊಳ್ಳೋದು ಅದಕ್ಕೇ. ಜ್ಯಾಕ್ ಇರೋದು ಎತ್ತೋಕೆ ಮಾತ್ರ, ಹೊತ್ತು ನಿಲ್ಲೋಕೆ ಸ್ಟ್ಯಾಂಡ್. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಮೇಲೆ ನಿಲ್ಲಿಸಬೇಡ, ಅವು ಒಂದೇ ಸಲಕ್ಕೆ ಸೀಳುತ್ತವೆ.

ನೆಲ ಹೀಗೆ ಮಾಡಿಸು. ನೀನು ಕಳಿಸಿದ ಫೋಟೋದಲ್ಲಿ ಕಾಣೋದು ಕರಿ ಮಣ್ಣು, ನಮ್ಮ ಧಾರವಾಡ ಹೊಲದ ಎರೆ ಮಣ್ಣಿನ ಹಾಗೇ ಇದೆ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅದರ ಮೇಲೇ ಕೋಬಾ ಹಾಕಿದರೆ ಎರಡೇ ಮಳೆಗಾಲಕ್ಕೆ ಸೀಳು. ಆ ಮಣ್ಣು ತೆಗೆಸಿ ಮುರುಮ್, ಅಂದರೆ ಗರಸು ಮಣ್ಣು ತುಂಬಿಸು. ಒಂದೇ ಸಲ ಸುರಿಯೋದಲ್ಲ, ಅರ್ಧ ಅರ್ಧ ಅಡಿ ಹಾಕಿ, ನೀರು ಹೊಡೆದು, ದಮ್ಮಸ್ಸು ಮಾಡಿಸಬೇಕು. ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದು ಕೆಳಗಿನ ತೇವ ತಡೆಯುತ್ತದೆ. ಅದರ ಮೇಲೆ 8 ಎಂಎಂ ಸಳಿಯ ಜಾಳಿಗೆ, 6 ಇಂಚು ಎಂ20 ದರ್ಜೆಯ ಕಾಂಕ್ರೀಟ್. ಮನೆಗೆ 4 ಇಂಚು ಸಾಕು ಅಂತ ಮಿಸ್ತ್ರಿ ಅನ್ನುತ್ತಾನೆ. ಮುಂದೆ ನೀನು ಲಿಫ್ಟ್ ಕೂರಿಸಬೇಕು ಅಂದರೆ ಆಗ ಕೈ ಕಟ್ಟಿದ ಹಾಗಾಗುತ್ತದೆ. ಒಳಗಿನ 16 ಅಡಿ ಪೂರ್ತಿ ಸಮತಟ್ಟಾಗಿರಲಿ, ಶಟರ್ ಹತ್ತಿರದ 6 ಅಡಿಗೆ ಮಾತ್ರ ಇಳಿಜಾರು ಕೊಡು. ಪೂರ್ತಿ ನೆಲಕ್ಕೆ ಇಳಿಜಾರು ಕೊಟ್ಟರೆ ಎತ್ತಿದ ಗಾಡಿ ಜರುಗುತ್ತದೆ. ರಸ್ತೆಗಿಂತ ಒಂದೂವರೆ ಅಡಿ ಎತ್ತರ ಇರಲಿ.

ಮೇಲೆ ಎಪಾಕ್ಸಿ ಪೇಂಟ್ ಬಳಿಸುವ ಆಸೆ ಇದೆ ಅಂದೆ. ಒಳ್ಳೆಯದೇ, ಆಯಿಲ್ ಒರೆಸಿದರೆ ಹೋಗುತ್ತದೆ, ಬಿದ್ದ ಸಣ್ಣ ಸರ್ಕ್ಲಿಪ್ ಕೂಡ ಕಣ್ಣಿಗೆ ಬೀಳುತ್ತದೆ. ಆದರೆ ಕಾಂಕ್ರೀಟ್ ಹಾಕಿದ ಮೇಲೆ 28 ದಿನ ಕಾಯಬೇಕು. ಆಮೇಲೂ ಒಂದು ಪರೀಕ್ಷೆ ಮಾಡು. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಡು. ಕೆಳಗೆ ನೀರಿನ ಹನಿ ಕಂಡರೆ ಇನ್ನೂ ಒಣಗಿಲ್ಲ, ಬಳಿದರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ಎತ್ತರ 11 ಅಡಿ ಇಡು. ಮೇಲೆ ಬರೀ ತಗಡು ಹಾಕಿದರೆ ಏಪ್ರಿಲ್‌ನಲ್ಲಿ ಒಳಗೆ ನಿಲ್ಲೋಕೆ ಆಗಲ್ಲ, ಮಳೆಯಲ್ಲಿ ಮಾತು ಕೇಳಿಸಲ್ಲ, ಚಳಿಗಾಲದ ಬೆಳಿಗ್ಗೆ ಬೆವರಿ ಟೂಲ್ ಮೇಲೆ ಹನಿಯುತ್ತದೆ. ನಡುವೆ ಫೋಮ್ ಇರುವ ಪಫ್ ಪ್ಯಾನೆಲ್ ಹಾಕಿಸು, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಇಂಜಿನ್ ಎತ್ತುವ ಚೈನ್ ಪುಲ್ಲಿಯನ್ನು ಮಾತ್ರ ಆ ಛಾವಣಿ ಪೈಪಿಗೆ ಸುಮ್ನೆ ಕಟ್ಟಬೇಡ. ಅದಕ್ಕೆ ಬೇರೆ ಐ-ಬೀಮ್, ಇಂಜಿನಿಯರ್ ಲೆಕ್ಕ ಹಾಕಿಕೊಟ್ಟದ್ದು. ಎದುರುಬದುರು ಕಿಟಕಿ, ಒಂದು ಎಕ್ಸಾಸ್ಟ್ ಫ್ಯಾನ್ ಇರಲೇಬೇಕು. ಶಟರ್ ಮುಚ್ಚಿ ಇಂಜಿನ್ ಓಡಿಸಬೇಡ, ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಕರೆಂಟ್ ಬೇಗ ಹೇಳುತ್ತೇನೆ. ಗ್ಯಾರೇಜಿಗೆ ಬೇರೆ ಡಿಬಿ, ಅಂದರೆ ಕರೆಂಟ್ ಹಂಚುವ ಪೆಟ್ಟಿಗೆ, ಅದರಲ್ಲಿ ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್. ಕಂಪ್ರೆಸರ್‌ಗೆ, ವೆಲ್ಡಿಂಗ್‌ಗೆ ಒಂದೊಂದು ಬೇರೆ ಲೈನ್. ಸಾಕೆಟ್ ಎಲ್ಲ ನೆಲದಿಂದ 4 ಅಡಿ ಮೇಲೆ, ಆವಿ ವಿಷಯ ಹೇಳಿದೆನಲ್ಲ, ಅದಕ್ಕೆ. ಟ್ಯೂಬ್‌ಲೈಟ್ ನಡುವೆ ಹಾಕಿಸಬೇಡ, ಬಾನೆಟ್ ಎತ್ತಿದರೆ ನೆರಳು ಬೀಳುತ್ತದೆ. ಗಾಡಿಯ ಎರಡೂ ಪಕ್ಕಕ್ಕೆ ಉದ್ದಕ್ಕೆ ಬರಲಿ. ಬೆಂಕಿ ಆರಿಸುವ 6 ಕೆಜಿ ಎಬಿಸಿ ಸಿಲಿಂಡರ್ ಬಾಗಿಲ ಪಕ್ಕ ಇರಲಿ, ಬೆಂಚಿನ ಹತ್ತಿರ ಅಲ್ಲ. ಬೆಂಕಿ ಹತ್ತೋದೇ ಬೆಂಚಿನ ಹತ್ತಿರ, ಅಲ್ವಾ?

ಈಗ ಟೂಲ್. ನೀನು ಕಳಿಸಿದ ಆ 200 ಪೀಸಿನ ಸೆಟ್ ತಗೊಬೇಡ, ಅದರಲ್ಲಿ ಅರ್ಧ ನಿನ್ನ ಕೈಗೇ ಬರಲ್ಲ. ತಪಾರಿಯಾದ್ದೋ ಅಂಥದ್ದೇ ಇನ್ನೊಂದೋ, 6ರಿಂದ 24ರವರೆಗೆ ರಿಂಗ್ ಮತ್ತು ಓಪನ್ ಸ್ಪ್ಯಾನರ್, ಅರ್ಧ ಇಂಚಿನ ಸಾಕೆಟ್ ಸೆಟ್, ಟಾರ್ಕ್ ರೆಂಚ್, ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್. ಈ ಕೊನೆಯದು ಭಾವನ ಗಾಡಿಗೆ ಬೇಕೇ ಬೇಕು. ಇಷ್ಟು ವರ್ಷ ಕೂತ ಸ್ಕ್ರೂ ಬರೀ ಕೈ ತಿರುವಿಗೆ ಬರಲ್ಲ, ತಲೆ ಹಾಳಾಗುತ್ತದೆ. ಹೊಸದು ಪುಣೆಯ ಬೋಹ್ರಿ ಆಳಿಯಲ್ಲಿ ನೋಡು, ಸ್ಪೇರ್ ಪಾರ್ಟ್ ನಾನಾ ಪೇಠೆಯಲ್ಲಿ. ಹಳೆ ಸುತ್ತಿಗೆ, ಅರ, ಪುಲ್ಲರ್‌ಗೆ ಬುಧವಾರ ಇಲ್ಲ ಭಾನುವಾರ ಜೂನಾ ಬಜಾರ್. ಉಳಿದದ್ದು ಕೆಲಸ ಕೇಳಿದಾಗ ತಂದರಾಯಿತು.

ಯೆಜ್ಡಿ ಬಿಚ್ಚುವಾಗ ಅವಸರ ಮಾಡಬೇಡ. ಅದು ಮೈಸೂರಿನಲ್ಲಿ ತಯಾರಾದ ಗಾಡಿ, 1996ರಲ್ಲಿ ಫ್ಯಾಕ್ಟರಿಯೇ ಮುಚ್ಚಿತು. ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲೆತ್ತಿ ಭಾವ ಕಿಕ್ ಹೊಡೆಯೋದನ್ನ ನೋಡೋಕೆ ಓಣಿ ಹುಡುಗರೆಲ್ಲ ಸೇರುತ್ತಿದ್ದರು. ಆ ಲಿವರಿನ ರಬ್ಬರ್ ಭಾವನ ಕಾಲಿಗೆ ಸವೆದು ಒಂದು ಕಡೆ ಚಪ್ಪಟೆಯಾಗಿದೆ, ಹೊಸದು ಸಿಕ್ಕಿತು ಅಂತ ಅದನ್ನ ಎಸೆಯಬೇಡ. ಪ್ರತಿ ಭಾಗ ಬಿಚ್ಚುವ ಮೊದಲು ಫೋಟೋ, ಬಿಚ್ಚಿದ ನಟ್ ಬೋಲ್ಟ್ ಚೀಟಿ ಹಾಕಿದ ಜಿಪ್ ಕವರಿನಲ್ಲಿ. ಹಳೆ ಆಯಿಲ್ ಗಟಾರಕ್ಕೆ ಸುರಿಯದೆ ಕ್ಯಾನಿನಲ್ಲಿ ತುಂಬಿಡು.

ಅಕ್ಕಾ, ನೀನೂ ಕೇಳುತ್ತಿದ್ದೀಯ ಅಂತ ಗೊತ್ತು. ಬೇಡ ಅನ್ನಬೇಡ ಅವನಿಗೆ. ಪಿಟ್ ಇಲ್ಲ, ನೆಲ ಗಟ್ಟಿ ಇರುತ್ತದೆ, ನಾನೂ ಪಕ್ಕದಲ್ಲಿ ಇರುತ್ತೇನೆ.

ತಮ್ಮಾ, ಈ ಭಾನುವಾರ ಬೆಳಿಗ್ಗೆ ಲೋಕಲ್ ಹಿಡಿದು ಬರುತ್ತೇನೆ. ಟೇಪು, ದಾರ, ಸುಣ್ಣದ ಪುಡಿ ತಂದಿಡು. ಪದ್ಮಿನಿಯನ್ನು ಆ ಜಾಗದಲ್ಲೇ ನಿಲ್ಲಿಸಿ, ನಾಲ್ಕೂ ಬಾಗಿಲು ತೆಗೆದು, ಸುತ್ತ ಗೆರೆ ಹಾಕೋಣ. ಅಲ್ಲಿವರೆಗೆ ಮಿಸ್ತ್ರಿಗೆ ಕೋಬಾ ಹಾಕಬೇಡ ಅಂತ ಹೇಳು. ನನ್ನ ಟೂಲ್‌ರೂಮ್ ಕಾಲದ 6 ಇಂಚಿನ ವೈಸ್, ಅಂದರೆ ಭಾಗಗಳನ್ನು ಬಿಗಿಯಾಗಿ ಹಿಡಿದಿಡುವ ಸಾಧನ, ಬಾಲ್ಕನಿಯಲ್ಲಿ ಬಟ್ಟೆ ಸುತ್ತಿಕೊಂಡು ಕೂತಿದೆ, ಅದು ನಿನಗೆ. ಬೆಂಚಿನ ಕಾಲಿನ ಮೇಲೇ ಬರುವ ಹಾಗೆ ಕೂರಿಸಬೇಕು, ನಾಲ್ಕು 12 ಎಂಎಂ ಬೋಲ್ಟ್ ತಂದಿಡು.