‘ಲಾರ್ಡ್’ ಪದದೊಳಗೆ ರೊಟ್ಟಿ ಇದೆಯೇ?

ಪ್ರಶ್ನೆ: ಇಂಗ್ಲಿಷಿನ ‘ಲಾರ್ಡ್’ ಎಂದರೆ ಮೂಲದಲ್ಲಿ ‘ರೊಟ್ಟಿ ಕಾಯುವವನು’ ಅಂತ ಎಲ್ಲೋ ಓದಿದೆ. ಉಚ್ಚಾರದಲ್ಲಿ ರೊಟ್ಟಿಯ ಸುಳಿವೇ ಇಲ್ಲವಲ್ಲ, ನಂಬಬಹುದೇ? ‘ಲೇಡಿ’?

ಉತ್ತರ: ನಂಬಬಹುದು. ಹಳೆಯ ಇಂಗ್ಲಿಷಿನಲ್ಲಿ, ಅಂದರೆ ಸುಮಾರು 1100ರವರೆಗೆ, ರೊಟ್ಟಿಗೆ ‘ಹ್ಲಾಫ್’ ಎನ್ನುತ್ತಿದ್ದರು. ಇಂದಿನ ‘ಲೋಫ್’ ಅದೇ. ಕಾಯುವವನು ‘ವೆಆರ್ಡ್’, ‘ಸ್ಟೀವರ್ಡ್’ನ ಬಾಲದಲ್ಲಿ ಅದು ಇನ್ನೂ ಉಳಿದಿದೆ. ಎರಡೂ ಸೇರಿ ‘ಹ್ಲಾಫ್‌ವೆಆರ್ಡ್’, ಸವೆದು ‘ಹ್ಲಾಫೋರ್ಡ್’.

ಮುಂದಿನ ಸವೆತವೂ ಮನಬಂದಂತೆ ಆದದ್ದಲ್ಲ. ಲ, ನ, ರಗಳ ಹಿಂದಿನ ಹಕಾರ ಭಾಷೆಯುದ್ದಕ್ಕೂ ಬಿತ್ತು: ‘ಹ್ಲೂಡ್’ ಹೋಗಿ ‘ಲೌಡ್’, ‘ಹ್ನುತು’ ಹೋಗಿ ‘ನಟ್’, ‘ಹ್ರಿಂಗ್’ ಹೋಗಿ ‘ರಿಂಗ್’. ನಮ್ಮಲ್ಲಿ ಪಾಲು ಹಾಲಾಗಿ, ಪೂ ಹೂವಾಗಿ ಸಾಲುಸಾಲಾಗಿ ಬದಲಾದಂತೆ. ಸ್ವರಗಳ ನಡುವಿನ ‘ಫ್’ ಅನ್ನು ‘ವ್’ ಎಂದೇ ನುಡಿಯುತ್ತಿದ್ದರು, ಹಾಗಾಗಿ ‘ಲೋವರ್ಡ್’. ಕೊನೆಗೆ ಆ ‘ವ್’ ಕೂಡ ಕರಗಿತು. ‘ಹೇಆಫೋದ್’ ಎಂಬ ಪದ ‘ಹೆಡ್’ ಆದದ್ದೂ ಇದೇ ದಾರಿಯಲ್ಲಿ. ಒಂದೇ ಪದಕ್ಕೆಂದು ಹೊಸೆದ ನಿಯಮವಾಗಿದ್ದರೆ ಅನುಮಾನ ಪಡಬೇಕಿತ್ತು.

‘ಲೇಡಿ’ ಹಿಂದೆ ‘ಹ್ಲ್ಯಾಫ್‌ದೀಯೆ’, ರೊಟ್ಟಿಯ ಹಿಟ್ಟು ನಾದುವವಳು. ಆ ‘ದೀಯೆ’ ಮತ್ತು ಹಿಟ್ಟಿನ ಮುದ್ದೆ ಎಂಬರ್ಥದ ‘ಡೋ’ ಒಂದೇ ಬೇರಿನವು. ಸಂಸ್ಕೃತದ ‘ದಿಹ್’ ಧಾತುವೂ, ಅದರಿಂದ ಬಂದ ನಮ್ಮ ‘ದೇಹ’ವೂ ಅದೇ ಬಳಗಕ್ಕೆ ಸೇರುತ್ತವೆ. ನನಗೆ ಈ ಪದದಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಇದು.

ಮರುಪ್ರಶ್ನೆ: ಹಾಗಾದರೆ ಲಾರ್ಡ್ ಅಂದರೆ ಉಗ್ರಾಣದ ಕಾವಲುಗಾರನೇ?

ಉತ್ತರ: ಅಲ್ಲ. ಕೆಂಟ್ ರಾಜ್ಯದ ಅರಸ ಎಥೆಲ್‌ಬರ್ಟ್‌ನ ಶಾಸನಸಂಹಿತೆಯಲ್ಲಿ (7ನೇ ಶತಮಾನದ ಆರಂಭ) ‘ಹ್ಲಾಫ್‌ಎತಾ’, ಅಂದರೆ ‘ರೊಟ್ಟಿ ತಿನ್ನುವವನು’ ಎಂಬ ಪದವಿದೆ. ಒಬ್ಬ ಸಾಮಾನ್ಯ ಗೃಹಸ್ಥನ ಹ್ಲಾಫ್‌ಎತಾನನ್ನು ಕೊಂದರೆ 6 ಶಿಲ್ಲಿಂಗ್ ಪರಿಹಾರ. ತಿನ್ನುವವನು ಆಶ್ರಿತ, ರೊಟ್ಟಿ ಕಾಯುವವನು ಅನ್ನ ಹಾಕುವ ಒಡೆಯ. ಹಳಗನ್ನಡದ ‘ಜೋಳವಾಳಿ’ ನೆನಪಿಸಿಕೊಳ್ಳಿ: ಉಂಡ ಜೋಳದ ಋಣಕ್ಕೆ ಯೋಧ ಒಡೆಯನಿಗಾಗಿ ಪ್ರಾಣ ಕೊಡುತ್ತಿದ್ದ. ಪದಗಳಿಗೆ ನಂಟಿಲ್ಲ, ಹೋಲುವುದು ಭಾವನೆ ಮಾತ್ರ, ಇವೆರಡನ್ನು ಬೆರೆಸಬೇಡಿ.

ಮರುಪ್ರಶ್ನೆ: ‘ಸ್ಟೀವರ್ಡ್’ ಎಂದರೆ ಹಂದಿಗೂಡು ಕಾಯುವವನು ಎನ್ನುತ್ತಾರಲ್ಲ?

ಉತ್ತರ: ‘ಸ್ಟೀವರ್ಡ್’ ಹಳೆಯ ‘ಸ್ತೀವೆಆರ್ಡ್’ ಪದದಿಂದ ಬಂತು. ಇಲ್ಲಿ ‘ಸ್ತೀ’ ಎಂದರೆ ಮನೆ ಅಥವಾ ಅದರ ಒಂದು ಭಾಗ. ಹಂದಿಗೂಡಿನ ಇಂದಿನ ಹೆಸರು ‘ಸ್ಟೈ’. ಆ ಅರ್ಥವನ್ನು ಹಿಂದಕ್ಕೆ ಒಯ್ದು ಅಂಟಿಸಿದ್ದರಿಂದ ಈ ತಪ್ಪು ಹಬ್ಬಿದೆ. ನಿಘಂಟು ನೋಡುವಾಗ ಇನ್ನೊಂದು ಎಚ್ಚರ: ಪದದ ಮುಂದೆ ನಕ್ಷತ್ರ ಗುರುತಿದ್ದರೆ ಅದು ಬರಹದಲ್ಲಿ ಸಿಕ್ಕಿದ್ದಲ್ಲ, ವಿದ್ವಾಂಸರು ಪುನಾರಚಿಸಿದ ರೂಪ.