ಗೀಸರ್‌ಗೆ ಅರ್ಥ್ ಕೊಟ್ಟ ಮೇಲೂ ಆರ್‌ಸಿಸಿಬಿ ಯಾಕೆ ಬೇಕು? ವೈರಿಂಗ್ ನಿಯಮ ಕಲಿಯುವವರ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಸರ್. ಐಟಿಐ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ ಒಬ್ಬ ಕಾಂಟ್ರಾಕ್ಟರ್ ಹತ್ತಿರ ಹೆಲ್ಪರ್ ಆಗಿದ್ದೇನೆ. ಮುಂದೆ ವೈರ್‌ಮನ್ ಪರ್ಮಿಟ್ ಮಾಡಿಸಬೇಕು. ನಿಯಮ ಓದಲು ಕೂತರೆ ಬರೀ ನಂಬರ್‌ಗಳು. 10 ಪಾಯಿಂಟ್, 800 ವ್ಯಾಟ್, 30 ಮಿಲಿಆಂಪ್, 1 ಮೆಗಾಓಮ್. ಇವತ್ತು ಓದಿದ್ದು ನಾಳೆ ನೆನಪಿರಲ್ಲ. ಸೈಟಿನಲ್ಲಿ ನಮ್ಮ ಸೀನಿಯರ್ ಬೇರೆ, "ಅರ್ಥ್ ಗಟ್ಟಿ ಇದ್ದರೆ ಸಾಕು, ಆರ್‌ಸಿಸಿಬಿ ಸುಮ್ನೆ ಖರ್ಚು" ಅನ್ನುತ್ತಾರೆ. ಆರ್‌ಸಿಸಿಬಿ ಅಂದರೆ ಕರೆಂಟು ಅರ್ಥ್‌ಗೆ ಸೋರಿದರೆ ಲೈನು ಕತ್ತರಿಸುವ ಸ್ವಿಚ್ ಅಂತ ಮಾತ್ರ ಗೊತ್ತು. ಏನು ಓದಲಿ, ಹೇಗೆ ಓದಲಿ?

ಉತ್ತರ: ಮೊದಲು ಪುಸ್ತಕದ ವಿಷಯ. ಕಾನೂನು ಅಂದರೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು. 2010ರದ್ದು ಹೋಗಿ ಈಗ 2023ರದ್ದು ಬಂದಿದೆ. ಹಳೇ ಗೈಡ್‌ಗಳಲ್ಲಿ ಇನ್ನೂ 1956ರ ರೂಲ್ ನಂಬರ್‌ಗಳೇ ಇರುತ್ತವೆ, ಅವನ್ನು ಬಾಯಿಪಾಠ ಮಾಡಬೇಡಿ. ಕೆಲಸ ಹೇಗೆ ಮಾಡಬೇಕು ಅನ್ನುವುದು ಐಎಸ್ (ಭಾರತೀಯ ಮಾನಕ) 732ರಲ್ಲಿದೆ, ಅರ್ಥಿಂಗ್ ಐಎಸ್ 3043ರಲ್ಲಿ. ಈ ಮಾನಕಗಳನ್ನು ಹೊರಡಿಸುವ ಬಿಐಎಸ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಎರಡೂ ಪುಕ್ಕಟೆ ಸಿಗುತ್ತವೆ. 732ರಿಂದ ಶುರು ಮಾಡಿ.

ಓದುವಾಗ ಪ್ರತಿ ನಂಬರಿಗೂ ಒಂದೇ ಪ್ರಶ್ನೆ ಕೇಳಿ: ಇದು ಇಲ್ಲದಿದ್ದರೆ ಯಾರಿಗೆ, ಹೇಗೆ ಅಪಾಯ? ನಿಮ್ಮ ಸೀನಿಯರ್ ಹೇಳಿದ ಮಾತನ್ನೇ ಲೆಕ್ಕ ಹಾಕೋಣ. ಗೀಸರ್ ಒಳಗೆ ಫೇಸ್ ವೈರು ಅದರ ಲೋಹದ ಬಾಡಿಯನ್ನು ಮುಟ್ಟಿತು ಅಂದುಕೊಳ್ಳಿ. ಕರೆಂಟು ಅರ್ಥ್ ವೈರಿನಿಂದ ನೆಲಕ್ಕಿಳಿದು ಟ್ರಾನ್ಸ್‌ಫಾರ್ಮರ್‌ಗೆ ವಾಪಸ್ ಹೋಗುವ ದಾರಿ ಒಟ್ಟು 5 ಓಮ್ ಇರಲಿ. 230ನ್ನು 5ರಿಂದ ಭಾಗಿಸಿದರೆ 46 ಆಂಪ್. ಆದರೆ 16 ಆಂಪ್‌ನ ಸಿ ಕರ್ವ್ ಬಗೆಯ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ತಕ್ಷಣ ಬೀಳಲು, ಅಂದರೆ ಟ್ರಿಪ್ ಆಗಲು, ಅದರ 5ರಿಂದ 10 ಪಟ್ಟು, ಅಂದರೆ 80ರಿಂದ 160 ಆಂಪ್ ಬೇಕು. 46ಕ್ಕೆ ಅದು ನಿಧಾನವಾಗಿ ಬಿಸಿಯಾಗಿ ಬೀಳುತ್ತದೆ, ಎಷ್ಟೋ ಸೆಕೆಂಡು ಹಿಡಿಯಬಹುದು. ಅಷ್ಟು ಹೊತ್ತೂ ಗೀಸರ್ ಬಾಡಿ ಮೇಲೆ ಅಪಾಯದ ವೋಲ್ಟೇಜ್ ಇರುತ್ತದೆ.

ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿ 20 ಓಮ್ ಆಯಿತು ಅನ್ನಿ. ಆಗ 11.5 ಆಂಪ್ ಮಾತ್ರ. ಎಂಸಿಬಿ ಬೀಳುವುದೇ ಇಲ್ಲ. ಒದ್ದೆ ಕೈಯಲ್ಲಿ ಸ್ನಾನ ಮಾಡುತ್ತಿರುವ ಮನುಷ್ಯ ಅಲ್ಲೇ ಇರುತ್ತಾನೆ ಅಲ್ವಾ? ಅದೇ ಜಾಗದಲ್ಲಿ 30 ಮಿಲಿಆಂಪ್ (0.03 ಆಂಪ್) ಸೋರಿದರೂ ಬೀಳುವ ಆರ್‌ಸಿಸಿಬಿ ಇದ್ದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಲೈನು ಕಟ್. ಈ ಲೆಕ್ಕವನ್ನು ಒಮ್ಮೆ ನೀವೇ ಕಾಗದದ ಮೇಲೆ ಮಾಡಿ, 30 ಅನ್ನುವ ಅಂಕಿ ಮತ್ತೆ ಮರೆಯುವುದಿಲ್ಲ.

ಹಾಗಂತ ಅರ್ಥ್ ಬೇಡ ಅಂತಲ್ಲ. ಅರ್ಥ್ ಇದ್ದರೆ ಯಾರೂ ಮುಟ್ಟುವ ಮೊದಲೇ ಸೋರಿಕೆ ಶುರುವಾಗಿ ಆರ್‌ಸಿಸಿಬಿ ಬೀಳುತ್ತದೆ. ಇಲ್ಲದಿದ್ದರೆ ಮನುಷ್ಯನ ಮೈಯೇ ಮೊದಲ ದಾರಿ. ಎಂಸಿಬಿಯೂ ಇರಲೇಬೇಕು, ಯಾಕೆಂದರೆ ಓವರ್‌ಲೋಡ್ ಆರ್‌ಸಿಸಿಬಿಗೆ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಈಗ ತಲೆಗೆ ಹೋಯಿತು ಸರ್. ಆದರೆ ಒಂದು ಮನೆಯಲ್ಲಿ ಆರ್‌ಸಿಸಿಬಿ ಹಾಕಿದ ದಿನದಿಂದ ಬೀಳುತ್ತಲೇ ಇದೆ. ಮನೆಯವರು ತೆಗೆದುಬಿಡಿ ಅನ್ನುತ್ತಿದ್ದಾರೆ.

ಉತ್ತರ: ದಯವಿಟ್ಟು ತೆಗೆಯಬೇಡಿ. ಆ ಮನೆಯಲ್ಲಿ ಇನ್ವರ್ಟರ್ ಇದೆಯಾ ನೋಡಿ. ಆರ್‌ಸಿಸಿಬಿ ಹೋದ ಕರೆಂಟನ್ನೂ ವಾಪಸ್ ಬಂದ ಕರೆಂಟನ್ನೂ ಹೋಲಿಸುತ್ತದೆ, ಅಷ್ಟೇ ಅದರ ಕೆಲಸ. ಇನ್ವರ್ಟರ್ ಲೈಟುಗಳ ಫೇಸ್ ಬೇರೆ ಕಡೆಯಿಂದ ಬಂದು, ನ್ಯೂಟ್ರಲ್ (ಕರೆಂಟು ವಾಪಸ್ ಬರುವ ವೈರ್) ಮಾತ್ರ ಆರ್‌ಸಿಸಿಬಿ ಕೆಳಗಿನ ಲಿಂಕಿಗೆ (ನ್ಯೂಟ್ರಲ್ ಎಳೆಗಳೆಲ್ಲ ಸೇರುವ ಪಟ್ಟಿಗೆ) ಸೇರಿದ್ದರೆ ಲೆಕ್ಕ ಕೂಡುವುದಿಲ್ಲ, ಲೈಟ್ ಹಾಕಿದ ಕೂಡಲೇ ಟ್ರಿಪ್. ನಮ್ಮ ಕಡೆ ಮನೆಗಳಲ್ಲಿ ಇದು ತುಂಬಾ ಜಾಸ್ತಿ, ಹಿಂದೆ ಸ್ವಿಚ್‌ಬೋರ್ಡಿನಿಂದ ಬೋರ್ಡಿಗೆ ನ್ಯೂಟ್ರಲ್ ಲೂಪ್ ಮಾಡಿಕೊಂಡು ಹೋಗುತ್ತಿದ್ದರು.

ಮೇನ್ ಜೊತೆಗೆ ಇನ್ವರ್ಟರ್ ಕೂಡ ಆಫ್ ಮಾಡಿ. ನ್ಯೂಟ್ರಲ್ ಎಳೆಗಳನ್ನು ಲಿಂಕಿನಿಂದ ಒಂದೊಂದಾಗಿ ಬಿಚ್ಚಿ. ಯಾವುದು ಇನ್ನೊಂದಕ್ಕೆ ಅಥವಾ ಅರ್ಥ್‌ಗೆ ಸೇರಿದೆ ಅಂತ ಕಂಟಿನ್ಯೂಟಿ ನೋಡಿ. ಅಲ್ಲೂ ಸಿಗದಿದ್ದರೆ ಟಿವಿ, ಎಲ್‌ಇಡಿ ಎಲ್ಲ ಬಿಡಿಸಿ ಮೆಗ್ಗರ್ (ವೈರಿನ ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿ: 500 ವೋಲ್ಟ್ ಡಿಸಿ, ಕನಿಷ್ಠ 1 ಮೆಗಾಓಮ್ ಬರಬೇಕು. ನೀವು ಬಾಯಿಪಾಠ ಮಾಡುತ್ತಿದ್ದ 1 ಮೆಗಾಓಮ್ ಇದೇ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಲೈಟ್ ಸರ್ಕ್ಯೂಟಿಗೆ ಹೆಚ್ಚೆಂದರೆ 10 ಪಾಯಿಂಟ್ (ಲೈಟ್, ಫ್ಯಾನ್, ಸಾಕೆಟ್ ಸೇರಿ), 800 ವ್ಯಾಟ್ ಅಂತ ಯಾಕೆ? ಈಗ ಎಲ್ಲಾ 9 ವ್ಯಾಟ್ ಬಲ್ಬು ತಾನೇ?

ಉತ್ತರ: ಲೋಡ್ ಇಳಿದಿದೆ, ನಿಜ. ಆದರೆ ಆ ಸರ್ಕ್ಯೂಟಿನಲ್ಲೇ 6 ಆಂಪ್ ಸಾಕೆಟ್‌ಗಳೂ ಇರುತ್ತವೆ, ಅದಕ್ಕೆ ಯಾರು ಯಾವಾಗ ಇಸ್ತ್ರಿ ಪೆಟ್ಟಿಗೆ ಚುಚ್ಚುತ್ತಾರೋ ಗೊತ್ತಿಲ್ಲ. ಇನ್ನೊಂದು, ಒಂದು ಸರ್ಕ್ಯೂಟ್ ಕೆಟ್ಟರೆ ಇಡೀ ಮನೆ ಕತ್ತಲಾಗಬಾರದು. ನಾನಂತೂ ಮಹಡಿಗೆ ಕನಿಷ್ಠ ಎರಡು ಲೈಟ್ ಸರ್ಕ್ಯೂಟ್ ಕೊಡುತ್ತೇನೆ, ಮೆಟ್ಟಿಲಿನ ಲೈಟ್ ಒಂದರಲ್ಲಿ, ಪಕ್ಕದ ಹಾಲ್ ಇನ್ನೊಂದರಲ್ಲಿ.

ಪ್ರಶ್ನೆ: ಸೀನಿಯರ್‌ಗೆ ಇದನ್ನು ಹೇಗೆ ಹೇಳಲಿ ಸರ್? ಬೇಜಾರು ಮಾಡಿಕೊಳ್ಳುತ್ತಾರೆ.

ಉತ್ತರ: ವಾದ ಬೇಡ. ಮುಂದಿನ ಸೈಟಿನಲ್ಲಿ ಅರ್ಥ್ ಟೆಸ್ಟರ್ ಸಿಕ್ಕಾಗ, "ಅಣ್ಣ, ಈ ಗುಂಡಿ ಎಷ್ಟು ಓಮ್ ಬರುತ್ತೆ, ಒಂದ್ಸಲ ನೋಡೋಣ್ವಾ?" ಅಂತ ಕೇಳಿ. ಬಂದ ಓಮ್‌ನಿಂದ 230ನ್ನು ಭಾಗಿಸಿ, ಉತ್ತರವನ್ನು ಡಿಬಿ ಪೆಟ್ಟಿಗೆಯಲ್ಲಿರುವ ಎಂಸಿಬಿ ಪಕ್ಕ ಇಟ್ಟು ತೋರಿಸಿ. ಓಮ್ ಎಷ್ಟು ಬಂತು ಅಂತ ಇಲ್ಲಿ ಹಾಕಿ, ಮುಂದಿನದು ನೋಡೋಣ.